ಬಡವರ ಹೆಸರಿನ ಕುಣಿತ, ಮಕ್ಕಳ ಕೈಯ ಗ್ಲಾಸು

ಡಿಸೆಂಬರ್ ಬಂತೆಂದರೆ ನಮ್ಮ ಜಯಪುರದ ಕಡೆ ಎರಡು ಸೀಸನ್ ಒಟ್ಟಿಗೇ ಶುರುವಾಗುತ್ತದೆ. ಒಂದು ಕಾಫಿ ಕೊಯ್ಲಿನದ್ದು, ಇನ್ನೊಂದು ಹೋಮ್‌ಸ್ಟೇ ಡಿಜೆಯದ್ದು. ಬಾಳೆಹೊನ್ನೂರು ಕಡೆಗೆ ಹೋಗಿ, ಕೊಪ್ಪದ ಕಡೆಗೆ ಹೋಗಿ, ರಾತ್ರಿ ಹನ್ನೊಂದಾದರೂ ಯಾವುದಾದರೂ ತೋಟದ ಒಳಗಿನಿಂದ ದುಡುಂ ದುಡುಂ ಕೇಳುತ್ತಿರುತ್ತದೆ. ಅದು ಬೆಂಗಳೂರಿನವರ ಗಲಾಟೆ, ನಮಗೆಂತ ಅಂತ ಇಷ್ಟು ವರ್ಷ ಕಿಟಕಿ ಹಾಕಿಕೊಂಡು ಮಲಗಿದ್ದೆವು. ಈ ಸಲ ಕಾರ್ಡು ನಮ್ಮ ಮನೆಗಳಿಗೇ ಬಂತು.

ಒಳ್ಳೆಯ ದಪ್ಪ ಕಾಗದದ ಕಾರ್ಡು. ಹದಿಮೂರರಿಂದ ಹದಿನೇಳು ವರ್ಷದ ಮಕ್ಕಳಿಗೆ ‘ಚಾರಿಟಿ ಡಾನ್ಸ್ ನೈಟ್’. ತಲೆಗೆ 1,500 ರೂಪಾಯಿ. ಉಳಿದ ಹಣ ಡಯಾಲಿಸಿಸ್ ಮಾಡಿಸಿಕೊಳ್ಳುವ ಬಡ ರೋಗಿಗಳಿಗೆ. ನಡೆಸುವವರು ದೊಡ್ಡ ಫೀಸಿನ ಶಾಲೆಗಳಲ್ಲಿ ಓದಿ ಮುಗಿಸಿದ ಹುಡುಗರು. ನಮ್ಮ ಜಮಾಅತಿನ ಏಳೆಂಟು ಮನೆಯ ಮಕ್ಕಳು ಈಗ ಮಂಗಳೂರು, ಚಿಕ್ಕಮಗಳೂರು ಅಂತ ಅಂಥ ಶಾಲೆಗಳಲ್ಲೇ ಇದ್ದಾರೆ. ಗಲ್ಫಿನ ದುಡಿಮೆ, ಅಡಿಕೆ ರೇಟು, ಅಲ್ಲಾಹನ ಅನುಗ್ರಹ, ಎಲ್ಲ ಸೇರಿ ಅಷ್ಟಾಗಿದೆ. ಒಣಮೀನಿನ ಮೂಟೆ ಹೊತ್ತು ಘಟ್ಟ ಹತ್ತಿದವರ ಮೊಮ್ಮಕ್ಕಳು ಇವರು. ಅದನ್ನು ಬೇಜಾರಿನಿಂದ ಹೇಳುತ್ತಿಲ್ಲ, ಸಂತೋಷದಿಂದಲೇ ಹೇಳುತ್ತಿದ್ದೇವೆ.

ಒಂದು ಮನೆಯ ಅಕೀಕಾ ಊಟಕ್ಕೆ ಸೇರಿದ್ದಾಗ ಈ ಕಾರ್ಡಿನ ಮಾತು ಬಂತು. ಬಂದದ್ದು ಸುಮ್ಮನೆ ಹೋಗಲಿಲ್ಲ. ಹಾಜಿಯೊಬ್ಬರು, “ಡಾನ್ಸ್ ಅಂದ ಮೇಲೆ ಮುಗೀತಲ್ಲ, ಇನ್ನೆಂತ ಚರ್ಚೆ?” ಅಂದರು. ದಮ್ಮಾಮಿನಲ್ಲಿರುವ ಒಬ್ಬ ತಂದೆ ಫೋನಿನಲ್ಲೇ, “ನಾವು ಹೀಗೆ ಹೆದರಿ ಹೆದರಿಯೇ ಹಿಂದೆ ಉಳಿದದ್ದು, ಮಕ್ಕಳು ನಾಲ್ಕು ಜನರ ಜೊತೆ ಬೆರೆಯಲಿ” ಅಂದರು. ಒಬ್ಬ ಉಮ್ಮ, “ನನ್ನ ಮಗಳ ಕ್ಲಾಸಿನಲ್ಲಿ ಬ್ಯಾರಿ ಹುಡುಗಿ ಅಂತ ಇರೋದು ಅವಳೊಬ್ಬಳೇ. ಹೋಗದಿದ್ದರೆ ಸೋಮವಾರ ಅವಳ ಜೊತೆ ಕೂತು ಯಾರು ಊಟ ಮಾಡ್ತಾರೆ?” ಅಂತ ಕೇಳಿದರು. ಆ ಪ್ರಶ್ನೆಗೆ ಹಾಜಿಯವರ ಹತ್ತಿರವೂ ಉತ್ತರ ಇರಲಿಲ್ಲ, ನಮ್ಮ ಹತ್ತಿರವೂ ಇರಲಿಲ್ಲ. ಇನ್ನೊಬ್ಬರು, “ಡಯಾಲಿಸಿಸ್ ರೋಗಿಗಳಿಗೆ ಅಲ್ವಾ ಮಾರಾಯ್ರೆ, ಪುಣ್ಯದ ಕೆಲಸ” ಅಂದಾಗ ಅರ್ಧ ಜನ ತಣ್ಣಗಾದರು.

ಮುಕ್ಕಾಲು ಗಂಟೆ ಮಾತಾಡಿದೆವು. ಅದರಲ್ಲಿ ಅರ್ಧ ಗಂಟೆಯಾದರೂ ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಹೋಯಿತು. ಕುಡಿತದ ಸುದ್ದಿ ಯಾರೂ ಎತ್ತಲಿಲ್ಲ. ಬ್ಯಾರಿ ಮನೆಯ ಊಟದ ಹಾಲಿನಲ್ಲಿ ಆ ಶಬ್ದವೇ ಬರಬಾರದು ಅನ್ನುವ ಹಾಗೆ. ಕೊನೆಗೆ ಕೈ ತೊಳೆದು ಬಂದ ಒಬ್ಬ ಉಮ್ಮ ಬಾಗಿಲ ಹತ್ತಿರ ನಿಂತು ಹೇಳಿದರು: “ಹೋದ ವರ್ಷ ನನ್ನ ಮಗ ಇಂಥದ್ದಕ್ಕೇ ಹೋಗಿದ್ದ. ನಿಮಗೆ ಯಾರಿಗೂ ಹೇಳಿರಲಿಲ್ಲ.”

ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಆಗ ಹುಡುಗನಿಗೆ ಹದಿನೈದು. ಕೌಂಟರಿನಲ್ಲಿ ಜ್ಯೂಸೇ ಇತ್ತು. ಹೊರಗೆ ನಿಂತ ಜೀಪಿನಲ್ಲಿ ಬೇರೆ ಇತ್ತು. ದೊಡ್ಡ ಹುಡುಗರು ಜ್ಯೂಸ್ ಬಾಟಲಿಗೇ ವೋಡ್ಕಾ ಬೆರೆಸಿ ತಂದಿದ್ದರು, ವಾಸನೆ ಬರುವುದಿಲ್ಲವಂತೆ. ಗೇಟಿನಲ್ಲಿ ದೊಡ್ಡವರು ಇಬ್ಬರಿದ್ದರು, ಒಂಬತ್ತು ಗಂಟೆಗೆ ಅವರೂ ಹೋದರು. ಹತ್ತೂವರೆ ಹೊತ್ತಿಗೆ ಇವನ ಕ್ಲಾಸಿನ ಒಬ್ಬ ಹುಡುಗ ವಾಂತಿ ಮಾಡಿ ಬಿದ್ದ. ಎಬ್ಬಿಸಿದರೆ ಏಳಲಿಲ್ಲ. ಐದು ಜನ ಮಕ್ಕಳು ಅವನ ಸುತ್ತ ನಿಂತಿದ್ದರು, ಐದೂ ಜನರ ಕೈಯಲ್ಲಿ ಫೋನ್ ಇತ್ತು. ಒಬ್ಬನೂ ಮನೆಗೆ ಮಾಡಲಿಲ್ಲ, ಆಸ್ಪತ್ರೆಗೂ ಮಾಡಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಸಿ, ಹದಿನೇಳರ ಹುಡುಗನೊಬ್ಬ ಸ್ಟೇರಿಂಗ್ ಹಿಡಿದು, ನಮ್ಮ ಈ ತಿರುವಿನ ರಸ್ತೆಯಲ್ಲಿ ಮಂಜಿನ ರಾತ್ರಿ ಎರಡು ಗಂಟೆಯವರೆಗೆ ಸುತ್ತಿದರು, ಅವನಿಗೆ ಎಚ್ಚರ ಆಗಲಿ ಅಂತ. ಎಚ್ಚರ ಆಯಿತು, ಅಲ್‌ಹಮ್ದುಲಿಲ್ಲಾಹ್.

ಉಮ್ಮ ಮಗನನ್ನು ಕೇಳಿದ್ದು ಒಂದೇ ಮಾತು, ಯಾಕೆ ಫೋನ್ ಮಾಡಲಿಲ್ಲ ಅಂತ. ಅವನು ಹೇಳಿದ್ದು: “ಮಾಡಿದ್ರೆ ಉಪ್ಪ ಕೊಲ್ತಿದ್ರು ಅಲ್ವಾ ಉಮ್ಮ?”

ಊಟದ ಹಾಲಿನಲ್ಲಿ ಅಷ್ಟು ಹೊತ್ತು ಮಾತಾಡಿದವರು ಯಾರೂ ಮತ್ತೆ ಮಾತಾಡಲಿಲ್ಲ.

ಕುಣಿತದ ವಿಷಯದಲ್ಲಿ ದೀನ್ ಏನು ಹೇಳುತ್ತದೆ ಅನ್ನುವುದನ್ನು ಉಸ್ತಾದರು ಹೇಳುತ್ತಾರೆ, ಅದನ್ನು ಇಲ್ಲಿ ಬಗೆಹರಿಸಲು ನಾವು ಕೂತಿಲ್ಲ. ನಮ್ಮ ತಕರಾರು ಆ ‘ಪುಣ್ಯದ ಕೆಲಸ’ ಅನ್ನುವ ಮಾತಿನ ಮೇಲೆ. ಆ ಒಂದು ಮಾತು ಕೇಳಿದ ಕೂಡಲೇ ನಾವು ಕೇಳಬೇಕಾದ ಎಲ್ಲ ಪ್ರಶ್ನೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡೆವು. ಗೇಟಿನಲ್ಲಿ ಯಾರು, ಎಷ್ಟು ಹೊತ್ತಿನವರೆಗೆ, ವಾಪಸು ಯಾರ ಗಾಡಿಯಲ್ಲಿ, ಲೆಕ್ಕ ಯಾರು ಇಡುತ್ತಾರೆ, ಒಂದನ್ನೂ ಕೇಳಲಿಲ್ಲ. ಹೋದ ವರ್ಷದ ಕೂಟದಿಂದ ರೋಗಿಗಳಿಗೆ ಎಷ್ಟು ಹೋಯಿತು ಅಂತ ಆಮೇಲೆ ನಾವೇ ನಡೆಸಿದವರನ್ನು ಕೇಳಿದೆವು. “ಇನ್ನೂ ಲೆಕ್ಕ ಕೂತಿಲ್ಲ ಅಂಕಲ್” ಅಂದರು. ಒಂದು ವರ್ಷವಾಯಿತು. ಸೌಂಡು, ಲೈಟು, ಹಾಲಿನ ಬಾಡಿಗೆ ಕಳೆದರೆ ಕೂರಿಸಲು ಎಷ್ಟು ಉಳಿದಿರಬಹುದು ನೀವೇ ಹೇಳಿ.

ದಾನದ ಹೆಸರಿನಲ್ಲಿ ಮೋಜು ಹೊಸತೇನಲ್ಲ. ಇಸ್ಲಾಮಿಗೆ ಮೊದಲಿನ ಅರಬರಲ್ಲಿ ‘ಮೈಸಿರ್’ ಅನ್ನುವ ಜೂಜಿತ್ತು. ಒಂಟೆ ಕಡಿದು ಪಾಲು ಮಾಡಿ, ಬಾಣಗಳನ್ನು ಎತ್ತಿ ಯಾರಿಗೆ ಯಾವ ಪಾಲು ಅಂತ ತೀರ್ಮಾನಿಸುತ್ತಿದ್ದರು. ಗೆದ್ದವರು ಆ ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುತ್ತಿದ್ದರು, ಅದೇ ಅವರಿಗೆ ದೊಡ್ಡ ಮರ್ಯಾದೆ. ಅಲ್ ಬಕರಾ ಅಧ್ಯಾಯದ 219ನೇ ಆಯತ್ ಮದ್ಯ ಮತ್ತು ಜೂಜು ಎರಡನ್ನೂ ಒಟ್ಟಿಗೆ ಎತ್ತಿಕೊಂಡು, ಅವುಗಳಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನ ಇದ್ದರೂ ಪಾಪವೇ ದೊಡ್ಡದು ಅನ್ನುತ್ತದೆ. ಜೂಜಿನ ಆ ಪ್ರಯೋಜನ ಯಾವುದು ಅಂದರೆ ಬಡವರಿಗೆ ಸಿಗುತ್ತಿದ್ದ ಈ ಮಾಂಸವೂ ಹೌದು ಅಂತ ಹಳೆಯ ತಫ್ಸೀರುಗಳಲ್ಲಿ ವಿವರಿಸಿದ್ದಾರೆ. ಅಂದರೆ ಬಡವನ ಹೊಟ್ಟೆ ತುಂಬುತ್ತಿತ್ತು ಅನ್ನುವುದನ್ನು ಕುರ್‌ಆನ್ ಅಲ್ಲಗಳೆಯಲಿಲ್ಲ. ಆದರೂ ಆಮೇಲೆ ಅಲ್ ಮಾಇದಾದ 90 ಮತ್ತು 91ನೇ ಆಯತ್‌ಗಳಲ್ಲಿ ಎರಡನ್ನೂ ಪೂರ್ತಿ ನಿಲ್ಲಿಸಿತು. ನಮ್ಮ ಮದ್ರಸಗಳಲ್ಲಿ ಮಕ್ಕಳಿಗೆ ಹರಾಂ ಅನ್ನುವ ಶಬ್ದ ಮಾತ್ರ ಸಿಗುತ್ತದೆ, ಈ ಕಥೆ ಸಿಗುವುದಿಲ್ಲ. ಹದಿನಾಲ್ಕರ ಮಕ್ಕಳು ಈ ಕಥೆಯನ್ನು ಚೆನ್ನಾಗಿ ಹಿಡಿಯುತ್ತಾರೆ. ನಾವು ಹೇಳಿ ನೋಡಿದ್ದೇವೆ.

ಇನ್ನು ಕಾನೂನು. ಹದಿನೆಂಟಾದರೆ ಕುಡಿಯಬಹುದು ಅಂತ ಮಕ್ಕಳು ಮಾತ್ರ ಅಲ್ಲ, ಅಕೀಕಾ ಊಟಕ್ಕೆ ಬಂದಿದ್ದ ಪದವೀಧರ ತಂದೆಯರೂ ತಿಳಿದಿದ್ದಾರೆ. ಕರ್ನಾಟಕದ ಅಬಕಾರಿ ಕಾಯ್ದೆಯಲ್ಲಿ ಹದಿನೆಂಟು ಅಂತ ಇದೆ, ಅದರ ಕೆಳಗಿನ 1967ರ ಲೈಸೆನ್ಸ್ ನಿಯಮಗಳಲ್ಲಿ ಇಪ್ಪತ್ತೊಂದು ಅಂತ ಇದೆ. ಈ ಗೊಂದಲ ಬಿಡಿಸುತ್ತೇವೆ ಅಂತ ಸರಕಾರ 2023ರ ಜನವರಿಯಲ್ಲಿ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡು ತಂದಿತು. ಜನ ವಿರೋಧಿಸಿದರು, ಅದೇ ತಿಂಗಳು ವಾಪಸು ಪಡೆಯಿತು. ಹಾಗಾಗಿ ಅಂಗಡಿಯವನು ಇಪ್ಪತ್ತೊಂದು ತುಂಬದವರಿಗೆ ಮಾರುವ ಹಾಗಿಲ್ಲ. ನಮ್ಮ ಮಕ್ಕಳ ವಿಷಯಕ್ಕೆ ಇದಕ್ಕಿಂತ ಗಟ್ಟಿಯಾದದ್ದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್. ಹದಿನೆಂಟಾಗದ ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ, ಕೊಡಿಸಿದರೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಮಾರಿದವನಿಗೆ ಮಾತ್ರ ಅಲ್ಲ, ಸ್ನೇಹದಲ್ಲಿ ಸುರಿದುಕೊಟ್ಟ ‘ಸೀನಿಯರ್ ಅಣ್ಣ’ನಿಗೂ ಇದು ಅನ್ವಯ. ಆ ಸೀನಿಯರ್ ಅಣ್ಣ ನಮ್ಮ ಮನೆಯವನೂ ಆಗಿರಬಹುದು ಅನ್ನುವುದು ನೆನಪಿರಲಿ. ಜೀಪ್ ಓಡಿಸಿದ ಹದಿನೇಳರ ಹುಡುಗನ ವಿಷಯಕ್ಕೆ 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದ್ದಾರೆ: ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧ ಆದರೆ ಪೋಷಕರು ಅಥವಾ ಗಾಡಿಯ ಮಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಓಡಿಸಿದ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಇಲ್ಲ. ತೋಟದ ಒಳಗೆ ಮಗ ಜೀಪ್ ಓಡಿಸುವುದನ್ನು ವಿಡಿಯೋ ಮಾಡಿ ಹಂಚುವ ತಂದೆಯರು ಇದನ್ನು ಎರಡು ಸಲ ಓದಬೇಕು.

ಒಂದು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇವೆ. ಲೈನ್ ಮನೆಯ ಕೆಲಸದವನು ಶನಿವಾರ ಸಂಬಳ ತೆಗೆದುಕೊಂಡು ಕುಡಿದು ಬಂದರೆ ನಾವು ಅವನಿಗೆ ಬುದ್ಧಿ ಹೇಳುತ್ತೇವೆ, ಸೋಮವಾರ ಕೆಲಸಕ್ಕೆ ಬೇಡ ಅನ್ನುತ್ತೇವೆ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಬಡವರ ಮನೆ ಉಳಿಯಿತು ಅಂತ ನಾವೇ ಖುಷಿಪಟ್ಟೆವು. ಅದೇ ಕುಡಿತ ಬಣ್ಣದ ಲೈಟಿನ ಕೆಳಗೆ, ಇಂಗ್ಲಿಷ್ ಮಾತಾಡುವ ಮಕ್ಕಳ ಕೈಯಲ್ಲಿ ಕಂಡರೆ ಅದು ‘ಎಕ್ಸ್‌ಪೋಶರ್’ ಹೇಗಾಗುತ್ತದೆ? ನಮ್ಮಲ್ಲಿ ಇನ್ನೊಂದು ಎರಡು ತಕ್ಕಡಿ ಉಂಟು. ಮಗಳು ಹೋಗುತ್ತೇನೆ ಅಂದರೆ ಇಡೀ ಕುಟುಂಬ ಸೇರಿ ಪಂಚಾಯಿತಿ. ಮಗ ಹೋದರೆ “ಗಂಡು ಹುಡುಗ, ಬಿಡಿ.” ಆ ರಾತ್ರಿ ಬಿದ್ದವನೂ ಗಂಡು, ಸುತ್ತ ನಿಂತವರೂ ಗಂಡು, ಗಾಡಿ ಓಡಿಸಿದವನೂ ಗಂಡು. ನಾವು ಅರ್ಧ ಗಂಟೆ ಮಾತಾಡಿದ್ದು ಹುಡುಗಿಯರ ಬಟ್ಟೆಯ ಬಗ್ಗೆ.

ಇದನ್ನು ಓದಿ ಕೆಲವು ಯುವಕರಿಗೆ ರಕ್ತ ಬಿಸಿಯಾಗಬಹುದು, ಹೋಗಿ ನಿಲ್ಲಿಸೋಣ ಅನ್ನಿಸಬಹುದು. ದಯವಿಟ್ಟು ಬೇಡ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಒಂದು ಗುಂಪು ನುಗ್ಗಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅವರು ಹೇಳಿದ ನೆಪವೂ ಕುಡಿತ, ಕುಣಿತವೇ. ಅಂಥ ಕೆಲಸವನ್ನು ಬೇರೆಯವರು ಮಾಡಿದಾಗ ನಾವು ಖಂಡಿಸಿದ್ದೇವೆ, ಸರಿಯಾಗಿಯೇ ಖಂಡಿಸಿದ್ದೇವೆ. ನಮ್ಮ ಹುಡುಗಿಯ ಜೊತೆ ಯಾರು ಬಸ್ಸಿನಲ್ಲಿ ಕೂತಿದ್ದಾರೆ ಅಂತ ಹಿಂದೆ ಬಿದ್ದು ಹೋಗುವವರು ನಮ್ಮಲ್ಲಿಯೂ ಇದ್ದಾರೆ. ಬೀದಿಯ ಗುಂಪಿಗೆ ಹೆದರಿದ ಮಗು ಮೊದಲು ಸುಳ್ಳು ಹೇಳಲು ಕಲಿಯುತ್ತದೆ. ಮನೆಗೆ ಹೆದರಿದ ಮಗುವೂ ಅಷ್ಟೇ.

ಐಸ್‌ಲ್ಯಾಂಡ್ ಅನ್ನುವ ಚಿಕ್ಕ ದೇಶದ ಕಥೆ ನಮಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕುಡಿತ ಹರಾಂ ಅಲ್ಲದ ದೇಶ ಅದು. 1998ರಲ್ಲಿ ಅಲ್ಲಿನ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದವರು. 2016ರಲ್ಲಿ ಅದು 5ಕ್ಕೆ ಇಳಿದಿತ್ತು. ಭಾಷಣದಿಂದ ಇಳಿದದ್ದಲ್ಲ. ಪ್ರತಿ ಶಾಲೆಯಲ್ಲಿ ತಂದೆತಾಯಂದಿರ ಕೂಟ ಮಾಡಿದರು, ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಿದರು: ದೊಡ್ಡವರಿಲ್ಲದ ಪಾರ್ಟಿ ನಮ್ಮ ಮನೆಯಲ್ಲಿ ಇಲ್ಲ, ಅಪ್ರಾಪ್ತರಿಗೆ ಮದ್ಯ ತಂದುಕೊಡುವುದಿಲ್ಲ, ಬೇರೆಯವರ ಮಕ್ಕಳ ಮೇಲೂ ಒಂದು ಕಣ್ಣಿಡುತ್ತೇವೆ. ಹದಿಮೂರರಿಂದ ಹದಿನಾರರವರು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ, ಬೇಸಗೆಯಲ್ಲಿ ಹನ್ನೆರಡರ ನಂತರ ಹೊರಗಿರುವ ಹಾಗಿಲ್ಲ ಅಂತ ಕಾನೂನಾಯಿತು. ಜೊತೆಗೆ ಆಟ, ಸಂಗೀತ, ಕಲೆಯ ಕ್ಲಬ್ಬುಗಳಿಗೆ ಸರಕಾರ ಹಣ ಸುರಿಯಿತು. ನಮ್ಮಲ್ಲಿ ಯಾವಾಗಲೂ ಬಿಟ್ಟುಹೋಗುವುದು ಈ ಕೊನೆಯದ್ದೇ. ಬೇಡ ಅಂದದ್ದರ ಪಟ್ಟಿ ನಮ್ಮ ಹತ್ತಿರ ಉದ್ದಕ್ಕೆ ಉಂಟು. ಜಯಪುರದ ಹುಡುಗರಿಗೆ ಕ್ರಿಕೆಟ್ ಆದರೂ ಉಂಟು, ನಮ್ಮ ಹದಿನಾಲ್ಕರ ಹುಡುಗಿಗೆ ಮದ್ರಸ, ಟ್ಯೂಷನ್ ಮುಗಿದ ಮೇಲೆ ಊರಿನಲ್ಲಿ ಎಂತ ಉಂಟು? ಫೋನು. ಅದನ್ನು ಕೊಟ್ಟವರೂ ನಾವೇ, ಅದಕ್ಕೆ ಬೈಯುವವರೂ ನಾವೇ.

ಹಾಗಾಗಿ ಏಳು ಮನೆಯವರು ಇನ್ನೊಮ್ಮೆ ಸೇರಿದೆವು, ಈ ಸಲ ಮಕ್ಕಳನ್ನೂ ಕೂರಿಸಿಕೊಂಡು. ಈ ಕಾರ್ಡಿಗೆ ನಮ್ಮ ಮಕ್ಕಳು ಹೋಗುವುದಿಲ್ಲ ಅಂತ ತೀರ್ಮಾನ ಆಯಿತು. ಏಳೂ ಮನೆಯವರು ಒಟ್ಟಿಗೆ ಬೇಡ ಅಂದ ಕಾರಣ ಯಾರೊಬ್ಬರ ಮಗುವೂ ಒಂಟಿಯಾಗಲಿಲ್ಲ. ಆ ಒಬ್ಬಳೇ ಬ್ಯಾರಿ ಹುಡುಗಿಯ ಸೋಮವಾರದ ಊಟದ ಪ್ರಶ್ನೆ ಇನ್ನೂ ಹಾಗೇ ಉಂಟು. ಅವಳ ಇಬ್ಬರು ಗೆಳತಿಯರನ್ನು, ಬೇರೆ ಧರ್ಮದವರು, ಮನೆಗೆ ಊಟಕ್ಕೆ ಕರೆದಿದ್ದಾರೆ. ಅಷ್ಟು ಸಾಕೋ ಇಲ್ಲವೋ ನೋಡಬೇಕು.

ಡಯಾಲಿಸಿಸ್ ರೋಗಿಗಳನ್ನು ಬಿಡಲಿಲ್ಲ. ವಾರಕ್ಕೆ ಎರಡು ಮೂರು ಸಲ ಗಾಡಿ ಮಾಡಿಕೊಂಡು ಹೋಗಬೇಕಾದ ಮನೆಗಳು ನಮ್ಮ ಸುತ್ತಲೇ ಇವೆ, ಹೋಗಿ ಬರುವ ಖರ್ಚಿಗೇ ಸೋತುಹೋಗಿದ್ದಾರೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಕೇರಳದ ಹುಡುಗರು ಬಿರಿಯಾನಿ ಕಟ್ಟಿ ಮಾರಿ ಹಣ ಎತ್ತಿದ್ದು ನಿಮಗೆ ನೆನಪಿರಬಹುದು, ‘ಬಿರಿಯಾನಿ ಚಾಲೆಂಜ್’ ಅಂತ. ಅದನ್ನೇ ಮಾಡೋಣ ಅಂದೆವು. ಒಂದು ಬಾಕ್ಸಿಗೆ 150 ರೂಪಾಯಿ, 300 ಬಾಕ್ಸು, 45,000. ಅಕ್ಕಿ, ಕೋಳಿ ಊರಿನ ಅಂಗಡಿಯವರು ಕೊಟ್ಟರೆ ಪೂರ್ತಿ ಹಣ ರೋಗಿಗೆ. ಮಕ್ಕಳು ಮೊದಲ ಮಾತಿಗೆ ಒಪ್ಪಲಿಲ್ಲ. “ನಾವು ಬಿರಿಯಾನಿ ಕಟ್ಟೋದು, ನೀವು ಫೋಟೋ ತೆಗೆಸಿಕೊಂಡು ಪೇಪರಿಗೆ ಕೊಡೋದು, ಅಲ್ವಾ?” ಅಂದಳು ಒಬ್ಬಳು. ಉತ್ತರ ಕೊಡಲು ನಮಗೆ ಕಷ್ಟವಾಯಿತು. ಕೊನೆಗೆ ಒಪ್ಪಂದ ಆದದ್ದು ಹೀಗೆ: ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲಿ, ರೋಗಿಗಳ ಮನೆಗೆ ಹಣ ಮುಟ್ಟಿಸುವುದೂ ಅವರೇ, ದೊಡ್ಡವರ ಫೋಟೋ ಇಲ್ಲ. ಅದಾದ ಮೇಲೆ ಒಂದು ಸಂಜೆ ಅವರಿಗೆ ಆಟ, ಊಟ, ಹುಡುಗಿಯರಿಗೆ ಬೇರೆ ಅಂಗಳದಲ್ಲಿ ಬ್ಯಾಡ್ಮಿಂಟನ್, ಒಂಬತ್ತೂವರೆಗೆ ಮುಗಿತಾಯ.

ಇನ್ನೊಂದನ್ನು ತಂದೆಯರು ಮಕ್ಕಳ ಎದುರೇ ಹೇಳಬೇಕು ಅಂತ ಆ ಉಮ್ಮ ಹಟ ಹಿಡಿದರು. ಎಲ್ಲೇ ಇರಲಿ, ಏನೇ ಆಗಿರಲಿ, ಎಷ್ಟು ಹೊತ್ತೇ ಆಗಿರಲಿ, ಫೋನ್ ಮಾಡಿದರೆ ಬಂದು ಕರೆದುಕೊಂಡು ಹೋಗುತ್ತೇವೆ, ಆ ರಾತ್ರಿ ಒಂದು ಪ್ರಶ್ನೆಯೂ ಇಲ್ಲ, ಮಾತು ಮರುದಿನ. ಹಾಜಿಯವರು ಇದು ಸಲಿಗೆ ಆಯಿತು ಅಂದರು. ಸಲಿಗೆಯೇ ಇರಬಹುದು. ಆದರೆ ಕುಡಿದು ಎಚ್ಚರ ತಪ್ಪಿದವನನ್ನು ಅಂಗಾತ ಮಲಗಿಸಿದರೆ ವಾಂತಿ ಉಸಿರಿನ ದಾರಿಗೆ ಸಿಕ್ಕಿ ಪ್ರಾಣವೇ ಹೋಗಬಹುದು. ಮಗ್ಗುಲಿಗೆ ಮಲಗಿಸಬೇಕು, ಒಬ್ಬನೇ ಬಿಡಬಾರದು, ಕಾಫಿ ಕುಡಿಸುವುದು, ತಣ್ಣೀರು ಹಾಕುವುದು ಮಾಡಬಾರದು, ತಕ್ಷಣ 108ಕ್ಕೆ ಕರೆ ಮಾಡಬೇಕು. ಆ ಐದು ಮಕ್ಕಳಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಹೇಳಿಕೊಟ್ಟರೆ ಕುಡಿಯಲು ಹೇಳಿಕೊಟ್ಟ ಹಾಗಾಗುತ್ತದೆ ಅಂತ ನಾವು ಹೇಳಿಕೊಟ್ಟಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಹಾಜಿಯವರು ಮೊಮ್ಮಗನ ಫೋನ್ ಇಸಿದುಕೊಂಡು ಅದರಲ್ಲಿ ತಮ್ಮ ನಂಬರು ಹಾಕಿಕೊಟ್ಟರು. “ಉಪ್ಪನಿಗೆ ಹೆದರಿಕೆ ಆದರೆ ನನಗೆ ಮಾಡು” ಅಂದರು.

ಒಂದು ವಿಷಯ ಬಾಕಿ ಉಂಟು. ಆ ರಾತ್ರಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ಹುಡುಗನ ಮನೆಯವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಅವರು ನಮ್ಮ ಜಮಾಅತಿನವರಲ್ಲ, ನಮ್ಮ ಧರ್ಮದವರೂ ಅಲ್ಲ. ಇನ್ನೊಬ್ಬರ ಐಬು ಮುಚ್ಚಬೇಕು ಅಂತ ನಮಗೆ ಕಲಿಸಿದ್ದಾರೆ ನಿಜ. ಅವನು ಈಗಲೂ ಆ ಸೀನಿಯರ್‌ಗಳ ಜೊತೆಯಲ್ಲೇ ಇದ್ದಾನೆ, ಅವನಿಗೂ ಈ ಕಾರ್ಡು ಬಂದಿದೆ ಅಂತ ಮಕ್ಕಳು ಹೇಳಿದ ಮೇಲೆ ಮುಚ್ಚಿಡುವುದು ಸರಿ ಕಾಣಲಿಲ್ಲ. ಬರುವ ಭಾನುವಾರ ಆ ಉಮ್ಮ, ಅವರ ಜೊತೆ ನಮ್ಮಲ್ಲಿ ಇಬ್ಬರು ಅವರ ಮನೆಗೆ ಹೋಗುತ್ತಿದ್ದೇವೆ. ಹೋಗುತ್ತೇವೆ ಅಂತ ಹುಡುಗನಿಗೆ ಮೊದಲೇ ತಿಳಿಸಿದ್ದೇವೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಮ್ಮ ಒಬ್ಬರೇ ಇರುವಾಗ ಬನ್ನಿ” ಅಂದ.